ಗಿಟಾರಿನ ಮೈಗೆ ಅಂಟಿಸಿದ್ದನ್ನು ಬಿಡಿಸುವಾಗ

ವಿಜಯಪುರದ ನಮ್ಮ ಮನೆಯಲ್ಲಿ ಹಳೆಯ ತಂಬೂರಿಯ ಪಕ್ಕದಲ್ಲಿ ಈಗ ಮೊಮ್ಮಗನ ಗಿಟಾರೂ ಇದೆ. ಅದರ ಮುಂಭಾಗಕ್ಕೆ ಅವನು ತಂತಿ ಮೀಟುವ ಪಿಕ್ ಸಿಕ್ಕಿಸಿಡುವ ಪುಟ್ಟ ಪ್ಲಾಸ್ಟಿಕ್ ಹೋಲ್ಡರನ್ನು ಫೋಮ್ ಟೇಪಿನಿಂದ ಅಂಟಿಸಿದ್ದ. ನುಡಿಸುವಾಗ ಕೈಗೆ ತಾಗುತ್ತದೆಂದು ಅದನ್ನು ಕೀಳಲು ಅಡುಗೆಮನೆಯ ಚಾಕು ಹಿಡಿದು ಕುಳಿತಾಗ ನಾನು ಅವನನ್ನು ತಡೆದೆ. ಬಹಳ ವರ್ಷಗಳ ಹಿಂದೆ, ಮಿರಜಿನಿಂದ ತಂದ ಈ ತಂಬೂರಿಯ ಮೇಲೆ ಉಳಿದಿದ್ದ ಚೀಟಿಯ ಅಂಟನ್ನು ನಾನು ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ್ದೆ. ಅಂಟಿನ ಜೊತೆಗೆ ಪಾಲಿಶೂ ಕರಗಿ ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ರೂಪಾಯಿಯಗಲದ ಆ ಮಂಕು ಕಲೆ ಇಂದಿಗೂ ಹಾಗೆಯೇ ಇದೆ. ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿಯೇ ಆ ಪಾಲಿಶನ್ನು ಬಳಿದಿರುತ್ತಾರೆ, ಆದ್ದರಿಂದ ಮತ್ತೆ ಸ್ಪಿರಿಟ್ ತಾಗಿದರೆ ಅದು ಕರಗದೆ ಇರದು.

ಆದ್ದರಿಂದ ಅಂಟಿನ ವಿಚಾರಕ್ಕಿಂತ ಮೊದಲು ಪಾಲಿಶಿನ ವಿಚಾರ ಮಾಡಬೇಕು. ಕೈಯಿಂದ ತಯಾರಿಸಿದ ಬೆಲೆಬಾಳುವ ಕ್ಲಾಸಿಕಲ್ ಗಿಟಾರುಗಳಿಗೆ ಇದೇ ಅರಗಿನ ಫ್ರೆಂಚ್ ಪಾಲಿಶ್ ಇರುವುದುಂಟು. ಹಳೆಯ ಮತ್ತು ದುಬಾರಿ ಗಿಟಾರುಗಳಲ್ಲಿ ಕೆಲವಕ್ಕೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಇರುತ್ತದೆ. ಥಿನ್ನರ್ ಅಥವಾ ಉಗುರುಬಣ್ಣ ತೆಗೆಯುವ ಅಸಿಟೋನ್ ತಾಗಿದರೆ ಅದು ಕರಗುತ್ತದೆ. ಸಾಮಾನ್ಯ ಬೆಲೆಯ ಗಿಟಾರುಗಳಿಗೆ ಹೆಚ್ಚಾಗಿ ಗಟ್ಟಿಯಾದ ಪಾಲಿಯುರೆಥೇನ್ ಅಥವಾ ಪಾಲಿಯೆಸ್ಟರ್ ಲೇಪವಿರುತ್ತದೆ. ನಿಮ್ಮದು ಯಾವುದೆಂದು ಖಚಿತವಿಲ್ಲದಿದ್ದರೆ ಎಲ್ಲಕ್ಕಿಂತ ನಾಜೂಕಾದದ್ದೇ ಇದೆ ಎಂದು ತಿಳಿದು ನಡೆಯುವುದು ಒಳ್ಳೆಯದು.

ಗಿಟಾರಿನ ತಂತಿಗಳನ್ನು ಸಡಿಲಿಸಿ, ಮಡಿಸಿದ ಕೌದಿಯ ಮೇಲೆ ಅದನ್ನು ಅಂಗಾತ ಮಲಗಿಸಿರಿ. ಕೈಯ ಉಂಗುರ, ಬಳೆಗಳನ್ನು ತೆಗೆದಿಡಿರಿ. ಕೂದಲು ಒಣಗಿಸುವ ಡ್ರೈಯರನ್ನು ಅತಿ ಕಡಿಮೆ ಶಾಖಕ್ಕೆ ಇಟ್ಟು, ಒಂದು ಗೇಣು ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ ಅರ್ಧ ನಿಮಿಷ ಬಿಸಿಗಾಳಿ ಕೊಟ್ಟು, ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು. ಹಂಚಿನಿಂದ ಇಳಿಸಿ ಸ್ವಲ್ಪ ಹೊತ್ತಾದ ರೊಟ್ಟಿಯಷ್ಟು ಬೆಚ್ಚಗಿದ್ದರೆ ಸಾಕು. ಕೈ ಹಿಂದೆಗೆಯುವಷ್ಟು ಸುಟ್ಟರೆ ಅದು ಅತಿಯಾಯಿತು. ಅರಗು ಮತ್ತು ಲ್ಯಾಕರ್ ಎರಡೂ ಶಾಖಕ್ಕೆ ಮೆತ್ತಗಾಗುತ್ತವೆ. ಅಲ್ಲದೆ 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಿಟಾರಿನ ಒಳಗಿನ ಪಟ್ಟಿಗಳನ್ನೂ ಮುಂಭಾಗದಲ್ಲಿ ತಂತಿಗಳನ್ನು ಕಟ್ಟುವ ಬ್ರಿಜ್ಜನ್ನೂ ಹಿಡಿದಿರುವ ಮರದ ಅಂಟು ಸಡಿಲಾಗತೊಡಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಬಾಗಿಲು ಹಾಕಿದ ಕಾರಿನೊಳಗೆ ಗಿಟಾರ್ ಬಿಡಬಾರದೆಂದು ನಾನು ಪದೇ ಪದೇ ಹೇಳುವುದೂ ಇದಕ್ಕಾಗಿಯೇ. ಇಸ್ತ್ರಿ ಪೆಟ್ಟಿಗೆಯನ್ನಂತೂ ಹತ್ತಿರಕ್ಕೂ ತರಬಾರದು.

ಟೇಪು ಬೆಚ್ಚಗಾದ ಮೇಲೆ, ಹಲ್ಲಿನ ಸಂದಿ ಸ್ವಚ್ಛಗೊಳಿಸುವ ಮೇಣದ ದಾರವನ್ನು ಒಂದು ಮೊಳದಷ್ಟು ಕತ್ತರಿಸಿ, ಎರಡೂ ತುದಿಗಳನ್ನು ಬೆರಳಿಗೆ ಸುತ್ತಿ, ಪ್ಲಾಸ್ಟಿಕ್ಕಿನ ಅಂಚಿಗೆ ಒತ್ತಿಕೊಂಡಂತೆ ಫೋಮಿನೊಳಗೆ ಗರಗಸದ ಹಾಗೆ ಹಿಂದೆ ಮುಂದೆ ಎಳೆಯಬೇಕು. ದಾರವು ಫೋಮನ್ನು ಕೊಯ್ಯಬೇಕೇ ಹೊರತು ಪಾಲಿಶನ್ನು ಉಜ್ಜಬಾರದು. ಬಿಗಿ ಎನಿಸಿದಲ್ಲಿ ಬಲ ಹಾಕದೆ ಮತ್ತೊಮ್ಮೆ ಬೆಚ್ಚಗೆ ಮಾಡಿರಿ. ನಮ್ಮ ದಾರ ಎರಡು ಸಲ ತುಂಡಾಯಿತು, ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು, ಆದರೆ ಪಾಲಿಶಿಗೆ ಒಂದು ಗೆರೆಯೂ ಬೀಳಲಿಲ್ಲ.

ಬಿಡಿಸಬೇಕಾದದ್ದು ಪಿಕ್ಕಿನ ಗೀರು ಬೀಳದಂತೆ ಮುಂಭಾಗಕ್ಕೆ ಅಂಟಿಸುವ ತೆಳ್ಳಗಿನ ಹಾಳೆ, ಅಂದರೆ ಪಿಕ್‌ಗಾರ್ಡ್ ಆಗಿದ್ದರೆ ದಾರ ಒಳಗೆ ಹೋಗುವುದಿಲ್ಲ. ಬೆಚ್ಚಗಾದ ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಹಿಂದಕ್ಕೆ ಮಡಿಚಿ, ಮರದ ಎಳೆ ಓಡುವ ದಿಕ್ಕಿನಲ್ಲಿ, ಮೇಲ್ಮೈಗೆ ಆದಷ್ಟು ಹತ್ತಿರವಾಗಿ ನಿಧಾನಕ್ಕೆ ಎಳೆಯಬೇಕು. ನೇರ ಮೇಲಕ್ಕೆ ಕಿತ್ತರೆ ಮೆತ್ತನೆಯ ಸ್ಪ್ರೂಸ್ ಮರದ ಎಳೆಗಳೇ ಸಿಬಿರಾಗಿ ಎದ್ದು ಬರುತ್ತವೆ. ಒಂದು ಎಳೆ ಎದ್ದರೂ ಅಲ್ಲಿಗೇ ನಿಲ್ಲಿಸಿ, ಇನ್ನೊಂದು ತುದಿಯಿಂದ ಆರಂಭಿಸಿರಿ. ಕೆಲವು ಹಳೆಯ ಗಿಟಾರುಗಳಲ್ಲಿ ಪಿಕ್‌ಗಾರ್ಡನ್ನು ಪಾಲಿಶಿಲ್ಲದ ಬರಿಯ ಮರಕ್ಕೇ ಅಂಟಿಸಿರುತ್ತಾರೆ. ಅಂಥದ್ದು ಮನೆಯಲ್ಲಿ ಮಾಡುವ ಕೆಲಸವಲ್ಲ, ವಾದ್ಯ ರಿಪೇರಿ ಬಲ್ಲವರಿಗೆ ಒಪ್ಪಿಸಬೇಕು.

ಉಳಿದ ಅಂಟನ್ನು ಹೆಬ್ಬೆರಳಿನಿಂದ ಹೊಸೆಯುತ್ತ ಹೋದರೆ ಬಹುಪಾಲು ಉಂಡೆಯಾಗಿ ಬಿಡುತ್ತದೆ. ಅದಕ್ಕೂ ಬಗ್ಗದಿದ್ದರೆ ಸಿಗರೇಟ್ ಲೈಟರಿಗೆ ತುಂಬುವ ನಾಫ್ತಾವನ್ನು ಹಳೆಯ ಧೋತರದ ಚೂರಿಗೆ ಒಂದೆರಡು ಹನಿ ಹಾಕಿ ಒರೆಸಬಹುದು. ಅದು ಅರಗನ್ನಾಗಲಿ ಲ್ಯಾಕರನ್ನಾಗಲಿ ಕರಗಿಸುವುದಿಲ್ಲ. ಆದರೂ ಕಣ್ಣಿಗೆ ಬೀಳದ ಜಾಗದಲ್ಲಿ ಮೊದಲು ಪರೀಕ್ಷಿಸಿ, ಅರಿವೆಗೆ ಬಣ್ಣ ಹತ್ತಲಿಲ್ಲ, ಮೇಲ್ಮೈ ಜಿಗುಟಾಗಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ನಾಫ್ತಾ ಥಟ್ಟನೆ ಹೊತ್ತಿಕೊಳ್ಳುತ್ತದೆ. ಡ್ರೈಯರ್ ಆರಿಸಿ ತಣ್ಣಗಾದ ಮೇಲೆ, ಒಲೆ ಮತ್ತು ದೇವರ ದೀಪದಿಂದ ದೂರ, ಕಿಟಕಿ ತೆರೆದು ಈ ಕೆಲಸ ಮಾಡಿರಿ. ವಾಹನದ ಪೆಟ್ರೋಲು ಇದಕ್ಕೆ ಬದಲಿಯಲ್ಲ.

ಬಹಳ ದಿನ ಅಂಟಿದ್ದ ಜಾಗ ಸುತ್ತಲಿನ ಮರಕ್ಕಿಂತ ತುಸು ಬೆಳ್ಳಗೆ ಕಾಣಬಹುದು. ಅದು ಕೊಳೆಯಲ್ಲ, ಸುತ್ತಲಿನ ಮರ ಬೆಳಕಿಗೆ ಮಾಗಿದೆ, ಮುಚ್ಚಿಕೊಂಡಿದ್ದ ಜಾಗ ಮಾಗಿಲ್ಲ, ಅಷ್ಟೆ. ಅದನ್ನು ಉಜ್ಜಲು ಹೋಗಬೇಡಿ. ಬಿಸಿಲು ನೇರವಾಗಿ ಬೀಳದ, ಬೆಳಕಿರುವ ಕೋಣೆಯಲ್ಲಿ ಗಿಟಾರನ್ನು ಇಟ್ಟರೆ ತಿಂಗಳುಗಳು ಕಳೆದಂತೆ ಆ ವ್ಯತ್ಯಾಸ ಕಡಿಮೆಯಾಗುತ್ತ ಬರುತ್ತದೆ.