ಇದ್ದಿಲು ಬಟ್ಟೆ, 1.2 ವೋಲ್ಟ್ ಸೆಲ್: ನೀರಿನ ಲೋಹ ಹಿಡಿಯುವುದು ಹೇಗೆ?

ರಾಯಚೂರು, ಯಾದಗಿರಿಯ ಚಿನ್ನದ ಅದಿರಿನ ಸೀಮೆಯಲ್ಲಿ ಕೆಲವು ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಸಿಕ್ಕಿದೆ. ಬಣ್ಣ, ವಾಸನೆಯಿಂದ ಅದು ಗೊತ್ತಾಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದದ್ದರಲ್ಲಿ ಅದರ ಪ್ರಮಾಣ ಜಾಸ್ತಿಯೇ ಆಗುತ್ತದೆ. ಇಂಥವನ್ನು ಹಿಡಿಯುವ ಒಂದು ದಾರಿ, ಇಂಗಾಲಕ್ಕೆ ಕರೆಂಟ್ ಕೊಡುವುದು. ಕರಗಿದ ಸೀಸ, ಕ್ಯಾಡ್ಮಿಯಂಗೆ ಸಾಮಾನ್ಯವಾಗಿ ಧನ ಚಾರ್ಜ್ ಇರುತ್ತದೆ. ಋಣ ತುದಿಗೆ ಕಟ್ಟಿದ ಇಂಗಾಲ ಅವನ್ನು ಎಳೆದುಕೊಳ್ಳುತ್ತದೆ.

ಶಾಲೆಯ ಲ್ಯಾಬ್‌ನಲ್ಲಿ ಅಡುಗೆ ಉಪ್ಪಿನಿಂದಲೇ ಇದನ್ನು ಮಾಡಿ ನೋಡಬಹುದು. ಸೀಸ, ಆರ್ಸೆನಿಕ್ ಮುಟ್ಟುವುದು ಬೇಡವೇ ಬೇಡ.

ಮೊದಲು ಆಕ್ಟಿವೇಟೆಡ್ ಕಾರ್ಬನ್ ಬಟ್ಟೆಯ, ಅಂದರೆ ಸೂಕ್ಷ್ಮ ರಂಧ್ರಗಳಿರುವ ಇದ್ದಿಲು ಬಟ್ಟೆಯ, ಎರಡು ತುಂಡುಗಳನ್ನು ಶುದ್ಧ ನೀರಿನಲ್ಲಿ ನೆನೆಸಿ, ನಾಲ್ಕೈದು ಸಲ ತೊಳೆಯಿರಿ. ಕಪ್ಪು ಪುಡಿ ಬಿಡುವುದು ನಿಲ್ಲಬೇಕು. ಒಂದೊಂದರ ಹಿಂದೆ ಒಂದು ಗ್ರಾಫೈಟ್ ಹಾಳೆ ಇಡಿ. ಬಟ್ಟೆಗಳು ಎದುರುಬದುರಾಗಲಿ, ನಡುವೆ ಸೊಳ್ಳೆ ಪರದೆಯ ತುಂಡಿರಲಿ. ಅವು ಒಂದಕ್ಕೊಂದು ತಾಗಿದರೆ ಶಾರ್ಟ್ ಆಗುತ್ತದೆ. ಎಲ್ಲ ಸೇರಿಸಿ ನೂಲಿನಿಂದ ಕಟ್ಟಿ.

ಸಣ್ಣ ಲೋಟದಲ್ಲಿ ಒಂದು ಚಿಟಿಕೆಗಿಂತ ಕಡಿಮೆ ಉಪ್ಪು ಕರಗಿಸಿ, ಕಟ್ಟನ್ನು ಅದ್ದಿ. ಹತ್ತು ನಿಮಿಷ ಬಿಟ್ಟು ಟಿಡಿಎಸ್ ಮೀಟರ್‌ನಲ್ಲಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ವಸ್ತುಗಳ ಒಟ್ಟು ಪ್ರಮಾಣ, ನೋಡಿ ಬರೆದುಕೊಳ್ಳಿ. ಕ್ಲಿಪ್‌ಗಳು ನೀರಿಗೆ ತಾಗದಂತೆ ಗ್ರಾಫೈಟ್‌ನ ಮೇಲ್ತುದಿಗೆ ಹಾಕಿ, ಸೆಲ್ ಜೋಡಿಸಿ. ಇಲ್ಲಿ ರೀಚಾರ್ಜ್ ಮಾಡುವ NiMH (ನಿಕಲ್) ಸೆಲ್ಲೇ ಸರಿ, ಅದು ಸುಮಾರು 1.2 ವೋಲ್ಟ್. ಸುಮಾರು 1.23 ವೋಲ್ಟ್ ದಾಟಿದರೆ ನೀರೇ ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯಲು ಶುರುವಾಗಬಹುದು. 9 ವೋಲ್ಟ್ ಬ್ಯಾಟರಿ ಹಾಕಿದರೆ ಗುಳ್ಳೆ ಏಳುತ್ತದೆ, ಇಂಗಾಲವೂ ಹಾಳಾಗುತ್ತದೆ.

ಆಗಾಗ ಕಲಕುತ್ತಾ ಅರ್ಧ ಗಂಟೆ ಕಾಯಿರಿ. ಟಿಡಿಎಸ್ ಇಳಿಯುತ್ತದೆ. ಈಗ ಸೆಲ್ ತೆಗೆದಿಟ್ಟು ಎರಡೂ ವೈರ್‌ಗಳನ್ನು ಒಂದಕ್ಕೊಂದು ಮುಟ್ಟಿಸಿ. ಅಂಕಿ ಮತ್ತೆ ಏರುತ್ತದೆ. ಹಿಡಿದದ್ದನ್ನು ಇಂಗಾಲ ಬಿಟ್ಟುಕೊಟ್ಟಿತು, ಅಲ್ವಾ? ಇದೇ ಈ ವಿಧಾನದ ದೊಡ್ಡ ಗುಣ: ಅದೇ ಬಟ್ಟೆಯನ್ನು ಮತ್ತೆ ಮತ್ತೆ ಬಳಸಬಹುದು. ತೊಡಕೂ ಇಲ್ಲೇ ಇದೆ. ನಿಜವಾದ ನೀರು ಶುದ್ಧೀಕರಣ ಘಟಕದಲ್ಲಿ ಹೀಗೆ ಹೊರಬರುವ ನೀರಿನಲ್ಲಿ ವಿಷದ ಪ್ರಮಾಣ ಜಾಸ್ತಿ ಇರುತ್ತದೆ. ಅದನ್ನು ಚರಂಡಿಗೆ ಬಿಡುವಂತೆಯೇ ಇಲ್ಲ.

ಆರ್ಸೆನಿಕ್ ಇನ್ನೂ ಹಟಮಾರಿ. ಆಳದ ನೀರಿನಲ್ಲಿ ಅದು ಆರ್ಸೆನೈಟ್ ರೂಪದಲ್ಲಿದ್ದರೆ ಅದಕ್ಕೆ ಸಾಮಾನ್ಯವಾಗಿ ಚಾರ್ಜೇ ಇರುವುದಿಲ್ಲ. ಹಾಗಾಗಿ ಇಂಗಾಲ ಎಳೆಯುವುದಿಲ್ಲ. ಮೊದಲು ಆಕ್ಸಿಡೈಸ್ ಮಾಡಿ ಆರ್ಸೆನೇಟ್ ಮಾಡಬೇಕು, ಆಗ ಅದಕ್ಕೆ ಋಣ ಚಾರ್ಜ್ ಇರುವುದರಿಂದ ಧನ ತುದಿಯ ಇಂಗಾಲಕ್ಕೆ ಹೋಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಕೂಡ ಇಂಗಾಲದಲ್ಲಿ ಜಾಗ ಹಿಡಿಯುತ್ತದೆ.

ಈ ಲೋಟದ ನೀರನ್ನು ಕುಡಿಯಬೇಡಿ. ಟಿಡಿಎಸ್ ಕಡಿಮೆ ಇದೆ ಎಂದು ಬೋರ್‌ವೆಲ್ ನೀರನ್ನೂ ನಂಬಬೇಡಿ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಮಿತಿ ಲೀಟರ್‌ಗೆ 0.01 ಮಿಲಿಗ್ರಾಂ. ಅಷ್ಟು ಸಣ್ಣ ಪ್ರಮಾಣ ಟಿಡಿಎಸ್ ಮೀಟರ್‌ಗೆ ಕಾಣುವುದಿಲ್ಲ. ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕೊಡುವಾಗ, ಆರ್ಸೆನಿಕ್ ಮತ್ತು ಸೀಸ ನೋಡಿಕೊಡಿ ಎಂದು ಹೆಸರು ಹಿಡಿದೇ ಕೇಳಿ.