ದುರ್ಯೋಧನನಿಗೆ ಹಗುರ ಗೊಂಬೆಯೇ ಸರಿ

'ಗೊಂಬೆ ಕುಣಿಯುತ್ತದೆ ಕಣಯ್ಯ, ಕಂದಪದ್ಯ ಹಾಡುವುದಿಲ್ಲ.' ಕಂಪನಿ ನಾಟಕವನ್ನು ಸೂತ್ರದ ಗೊಂಬೆಗಳಿಂದ ಆಡಿಸುತ್ತೇನೆ ಎಂದಾಗ ಬೇಲೂರು ಕಡೆಯ ನಾಟಕದ ಮೇಷ್ಟ್ರೊಬ್ಬರು ಕೊಟ್ಟ ಉತ್ತರ ಇದು. ಕಳೆದ ಸುಗ್ಗಿಯಲ್ಲಿ ಅವರೇ ನನ್ನ 'ಕುರುಕ್ಷೇತ್ರ'ಕ್ಕೆ ಹಾರ್ಮೋನಿಯಂ ಹಿಡಿದು ಕುಳಿತಿದ್ದರು. ಕರ್ಣನ ಹಾಡಿಗೆ ಒನ್ಸ್ ಮೋರ್ ಬಿತ್ತು. ಗೊಂಬೆಗೆ ಒನ್ಸ್ ಮೋರ್ ಕೇಳಿದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಪಾತ್ರ ಹಂಚುವುದರಲ್ಲೇ ಎರಡು ವರ್ಷ ಹೋಯಿತು. ನಮ್ಮ ಹಾಸನ ಸೀಮೆಯ ಊರುಗಳಲ್ಲಿ ಹೆಚ್ಚು ದುಡ್ಡು ಕಟ್ಟಿದವನಿಗೆ ದುರ್ಯೋಧನ. ನಾನು ಮೀಸೆ ನೋಡಿ ಹಂಚಿದೆ. ಪೆಟ್ಟಿಗೆಯಲ್ಲಿದ್ದ ಅತಿ ದೊಡ್ಡ ಗೊಂಬೆ ಎಂಟು ಕಿಲೋ ಹತ್ತಿರ ತೂಗುತ್ತಿತ್ತು. ನಿಂತರೆ ಸಿಂಹಾಸನವೇ ಸಣ್ಣದಾಗಿ ಕಾಣುವಂಥದ್ದು. ಆದರೆ ದುರ್ಯೋಧನನಿಗೆ ಹಾಡಿನ ಮೇಲೆ ಹಾಡು. ಮೂರನೆಯದಕ್ಕೆ ಬರುವಷ್ಟರಲ್ಲಿ ಸೂತ್ರ ಹಿಡಿದ ಹುಡುಗನ ತೋಳು ನಡುಗಿ, ಕೌರವೇಶ್ವರನಿಗೆ ಚಳಿಜ್ವರ ಬಂದಂತಾಯಿತು. ಕೊನೆಗೆ ಮೀಸೆ, ಕಿರೀಟ ಎರಡನ್ನೂ ನಾರದನ ಹಳೆಯ ಮೈಗೆ ಕಟ್ಟಿದೆ. ಮೂರು ಕಿಲೋ ಇದ್ದೀತು. ದೊಡ್ಡ ಮೈ ಭೀಮನ ಪಾಲಾಯಿತು. ನಮ್ಮ ಪ್ರತಿಯಲ್ಲಿ ಅವನಿಗೆ ಹಾಡು ಕಡಿಮೆ, ಅಬ್ಬರ ಹೆಚ್ಚು.

'ಸದಾರಮೆ' ನಾಟಕದ ಕಳ್ಳ ಇನ್ನೂ ಕಷ್ಟ. ಗುಬ್ಬಿ ವೀರಣ್ಣನವರು ಹೆಸರು ಮಾಡಿದ ಪಾತ್ರ ಅದು; ಸುಮ್ಮನೆ ಕೈ ಬೀಸಿದರೆ ಜನ ಎದ್ದು ಹೋಗುತ್ತಾರೆ. ನಮ್ಮಲ್ಲಿ ಮೊಣಕಾಲಿಗೆ ಕೀಲು ಇದ್ದದ್ದು ಹನುಮಂತನಿಗೆ ಮಾತ್ರ. ಬಾಲ ಬಿಚ್ಚಿ, ಮುಖ ಬದಲಿಸಿ, ಕಂಬಳಿ ಹೊದಿಸಿದೆ. ಬೆಕ್ಕಿನ ಹೆಜ್ಜೆ ತಾನಾಗಿ ಬಂತು.

ಇನ್ನು ಮೇಷ್ಟ್ರು ಎತ್ತಿದ್ದ ತಕರಾರು. ಆಲಾಪನೆ ಎಳೆದಷ್ಟೂ ಗೊಂಬೆಯ ಕೈ ಆಡಿಸುವುದು ನಮ್ಮೆಲ್ಲರ ಚಟ. ಅದನ್ನು ಬಿಡಿಸಿದೆ. ಹಾಡುವ ಗೊಂಬೆ ಅಲುಗಬಾರದು, ಎದುರಿಗಿರುವ ಗೊಂಬೆ ಕೇಳಬೇಕು: ತಲೆ ಅರ್ಧ ಇಂಚು ಬಾಗಬೇಕು, ಸ್ವರ ಏರಿದಾಗ ನಿಧಾನವಾಗಿ ಮುಖ ಎತ್ತಬೇಕು. ಕರ್ಣ ಹಾಡುವಾಗ ಕುಂತಿ ಹೀಗೆ ಮುಖ ಎತ್ತಿದರೆ, ಕರ್ಣನ ಬಾಯಿ ಮುಚ್ಚಿದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಹಾರ್ಮೋನಿಯಂ ಮರುನುಡಿ ಕೊಡುವಾಗ ಮಾತ್ರ ಹಾಡುಗಾರನಿಗೆ ಎರಡು ಹೆಜ್ಜೆ.

ಮಲಗಿದ ಕೃಷ್ಣನ ತಲೆಯ ಬಳಿ ದುರ್ಯೋಧನ, ಕಾಲ ಬಳಿ ಅರ್ಜುನ ಕೂರುವ ದೃಶ್ಯದಲ್ಲಿ ಮೂರು ಗೊಂಬೆಗಳ ದಾರವೂ ಒಂದೇ ಗಂಟಾಗುತ್ತಿತ್ತು. ಈಗ ಆಗುವುದಿಲ್ಲ. ಮಂಚಕ್ಕೆ ಒಂದು ಸೀಳು ಕೊಯ್ದಿದ್ದೇನೆ. ಎಲ್ಲಿ ಎಂದು ಮಾತ್ರ ಹೇಳುವುದಿಲ್ಲ.

ಮರ ಹಾಲುವಾಣ. ಕಾಫಿ ತೋಟದಲ್ಲಿ ನೆರಳಿಗೆಂದು ಬೆಳೆಸಿದ್ದು, ಕಡಿದಾಗ ಪುಕ್ಕಟೆ ಸಿಕ್ಕಿತು. ಸಾಗಿಸಲು ಮಾತ್ರ ಸಾವಿರ ಚಿಲ್ಲರೆ. ಹಗುರ, ಉಳಿಗೆ ಬೆಣ್ಣೆ. ಆದರೆ ಹುಳು ಬೇಗ ಹಿಡಿಯುತ್ತದೆ. ಮೊದಲ ಸಲದ ತಲೆಗಳಲ್ಲಿ ಅರ್ಧಕ್ಕರ್ಧ ಪುಡಿಯಾದವು. ಆಮೇಲೆ ಒಲೆಯ ಮೇಲಿನ ಅಟ್ಟದಲ್ಲಿ ಒಂದು ಮಳೆಗಾಲ ಹೊಗೆಗೆ ಬಿಟ್ಟೆ. ದಾರದ್ದೂ ಅದೇ ಗೋಳು: ಸಕಲೇಶಪುರದ ಇಬ್ಬನಿಗೆ ಹತ್ತಿ ದಾರ ಬಿಗಿದುಕೊಂಡು ಶಕುನಿ ನೆಲ ಬಿಟ್ಟು ನಿಂತ. ಮೀನು ಹಿಡಿಯುವ ನೈಲಾನ್ ದಾರ ದೀಪಕ್ಕೆ ಮಿಂಚಿತು. ಅದಕ್ಕೊಂದು ಮಸಿ ಹಚ್ಚಿದ ಮೇಲೆ ಸರಿಹೋಯಿತು. ಮಸಿಯ ಪಾಕ ಮನೆಯೊಳಗೇ ಇರಲಿ.

ಮಧ್ಯೆ ಒಂದು ಹುಚ್ಚು. ಅಮೆರಿಕದ ಬ್ರಾಡ್‌ವೇಯಲ್ಲಿ 1997ರಿಂದ ನಡೆಯುತ್ತಿರುವ 'ದ ಲಯನ್ ಕಿಂಗ್' ಸಂಗೀತ ನಾಟಕದಲ್ಲಿ ಪ್ರಾಣಿಗಳನ್ನು ಆಡಿಸುವ ನಟರು ಮರೆಯಾಗದೆ ಎದುರಿಗೇ ಇರುತ್ತಾರೆ. ಮೊಬೈಲಿನಲ್ಲಿ ಅದರ ತುಣುಕು ನೋಡಿ ನಾವೂ ಪರದೆ ಕಿತ್ತು, ಕಪ್ಪು ಅಂಗಿ ತೊಟ್ಟು ನಿಂತೆವು. ಮುಂದಿನ ಸಾಲಿನ ಅಜ್ಜಿ, 'ಕೃಷ್ಣ ಕಾಣಿಸುತ್ತಿಲ್ಲ, ಪಕ್ಕಕ್ಕೆ ಸರಿಯಪ್ಪ' ಎಂದರು. ಮರುದಿನವೇ ಪರದೆ ವಾಪಸ್.

ಬಟ್ಟೆಗೆ ಹಳೆಯ ರೇಷ್ಮೆ ಸೀರೆ, ಬಣ್ಣ, ದೀಪ, ಅಭ್ಯಾಸದ ಊಟ ಎಲ್ಲ ಸೇರಿ ನಲವತ್ತು ಸಾವಿರ ದಾಟಿರಬೇಕು. ಹಾರ್ಮೋನಿಯಂ, ತಬಲಾದವರ ಸಂಭಾವನೆ ಬೇರೆ. ಮೊದಲ ಆಟಗಳಿಗೆ ಬಂದದ್ದು ಬಾಡಿಗೆ ಜೀಪಿಗೂ ಸಾಲಲಿಲ್ಲ. ಈಗ ರಾತ್ರಿಗೆ ಹದಿನೈದು ಸಾವಿರ ಕೇಳುತ್ತೇನೆ, ಹನ್ನೆರಡಕ್ಕೆ ಒಪ್ಪುತ್ತೇನೆ. ಊಟ ಅವರದ್ದೇ. ಚಪ್ಪರದ ಎತ್ತರ ಹತ್ತು ಅಡಿಗಿಂತ ಕಡಿಮೆಯಿದ್ದರೆ ಮುಂಗಡ ಮುಟ್ಟುವುದಿಲ್ಲ.