ಮೈಲ್ಡ್ ಹೈಬ್ರಿಡ್ ಪಿಕಪ್ ಕೈಕೊಟ್ಟರೆ ಮೊದಲು ಹಳೇ ಬ್ಯಾಟರಿ ನೋಡಿ

ಮಿಶಿಗನ್‌ನ ಜನವರಿ. ಹೊರಗೆ ಮೈನಸ್ 17 ಡಿಗ್ರಿ. ಐದು ದಿನ ಊರಲ್ಲಿರಲಿಲ್ಲ. ಬಂದು ಪಿಕಪ್ ಹತ್ತಿ ಬಟನ್ ಒತ್ತಿದೆ. ಟಕ ಟಕ ಅಂತು, ಅಷ್ಟೇ. ಡ್ಯಾಶ್‌ಬೋರ್ಡ್ ಮಾತ್ರ ಜಾತ್ರೆಯ ಸೀರಿಯಲ್ ಸೆಟ್ ಥರ ಮಿನುಗುತ್ತಿತ್ತು. ಬ್ರೇಕ್, ಸ್ಟೇರಿಂಗ್, ಹೈಬ್ರಿಡ್, ಎಲ್ಲದರ ಲೈಟೂ ಒಟ್ಟಿಗೆ.

ಪಕ್ಕದ ಮನೆಯವರ ಕಾರಿನ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಜಂಪ್ ಮಾಡಿಸಿ ಒಂದು ಸರ್ವಿಸ್ ಸೆಂಟರ್‌ಗೆ ಒಯ್ದೆ. ಕಂಪ್ಯೂಟರ್ ಹಚ್ಚಿ ನೋಡಿದವರು "48 ವೋಲ್ಟ್ ಪ್ಯಾಕ್ ಹೋಗಿರಬಹುದು" ಅಂದರು. ರೇಟು ಕೇಳಿ ಗಾಡಿ ವಾಪಸ್ ತಂದೆ. ರಾತ್ರಿ ಚನ್ನರಾಯಪಟ್ಟಣಕ್ಕೆ ಫೋನ್ ಮಾಡಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಟರ್ಮಿನಲ್ ಅಲ್ಲಾಡ್ಸಿ ನೋಡ್ದೇನವ್ವಾ?"

ಟರ್ಮಿನಲ್ ಅಂದರೆ ಬ್ಯಾಟರಿಗೆ ವೈರು ಕಚ್ಚುವ ತುದಿ. ಅಪ್ಪನಿಗೆ ಗೊತ್ತಿರುವುದು ಟ್ರ್ಯಾಕ್ಟರ್. ಆದರೆ ಅವರು ಬೆರಳು ತೋರಿಸಿದ ಜಾಗ ಸರಿಯಾಗಿತ್ತು.

ಮೈಲ್ಡ್ ಹೈಬ್ರಿಡ್ ಅಂದರೆ ಎಂಜಿನ್ನಿಗೆ ಪುಟ್ಟ ಮೋಟಾರ್ ನೆರವಾಗುವ ಗಾಡಿ. ಇಂಥ ಗಾಡಿಗಳಲ್ಲಿ ಎರಡು ಬ್ಯಾಟರಿ ಇರುತ್ತವೆ. ಒಂದು ಮಾಮೂಲಿ 12 ವೋಲ್ಟಿನ ಲೆಡ್ ಬ್ಯಾಟರಿ. ಇನ್ನೊಂದು 48 ವೋಲ್ಟಿನ ಚಿಕ್ಕ ಲಿಥಿಯಂ ಪ್ಯಾಕ್. ರ‍್ಯಾಮ್ 1500 ಇ-ಟಾರ್ಕ್‌ನಲ್ಲಿ ಅದು ಹಿಂದಿನ ಸೀಟಿನ ಬೆನ್ನಿಗಿದೆ, ಟೊಯೋಟಾ ಹೈಲಕ್ಸ್‌ನ 48 ವೋಲ್ಟ್ ಮಾದರಿಯಲ್ಲಿ ಹಿಂದಿನ ಸೀಟಿನ ಕೆಳಗೆ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಮಾಮೂಲಿ ಆಲ್ಟರ್ನೇಟರ್ ಇರುವುದಿಲ್ಲ. ಅದರ ಜಾಗದಲ್ಲಿ ಬೆಲ್ಟಿನಿಂದ ತಿರುಗುವ ಮೋಟಾರ್-ಜನರೇಟರ್ 48 ವೋಲ್ಟ್ ಹುಟ್ಟಿಸುತ್ತದೆ. ಡಿಸಿ-ಡಿಸಿ ಕನ್ವರ್ಟರ್ ಅನ್ನೋ ಡಬ್ಬಿ ಅದನ್ನು ಇಳಿಸಿ 12 ವೋಲ್ಟಿನ ಬ್ಯಾಟರಿಗೆ ಕೊಡುತ್ತದೆ.

ಎಡವಟ್ಟಾಗುವುದು ಇಲ್ಲೇ. ಗಾಡಿಯ ಕಂಪ್ಯೂಟರ್‌ಗಳೆಲ್ಲ ಎದ್ದು ಕೂರುವುದು 12 ವೋಲ್ಟಿನಿಂದ. 48 ವೋಲ್ಟ್ ಪ್ಯಾಕನ್ನು ನೋಡಿಕೊಳ್ಳುವ ಕಂಪ್ಯೂಟರ್ ಕೂಡ. 12 ವೋಲ್ಟಿನ ಬ್ಯಾಟರಿ ಸೊರಗಿದರೆ ಆ ಕಂಪ್ಯೂಟರ್‌ಗಳು ಒಂದರ ಮೇಲೊಂದು ದೂರು ಹೇಳುತ್ತವೆ. ಆ ದೂರುಗಳನ್ನು ಓದಿದವರಿಗೆ 48 ವೋಲ್ಟ್ ಪ್ಯಾಕೇ ಸತ್ತಹಾಗೆ ಕಾಣುತ್ತದೆ.

ಹಾಗಾಗಿ ಮೊದಲು ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ತನ್ನಿ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ 12 ವೋಲ್ಟಿನ ಬ್ಯಾಟರಿಯ ಟರ್ಮಿನಲ್ ಮೇಲೆ ಅಳೆಯಿರಿ. 12.6 ವೋಲ್ಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಓಡಿಸಿ ಬಂದ ತಕ್ಷಣ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ. ಆಗಷ್ಟೇ ಏರಿದ ವೋಲ್ಟೇಜ್ ಇಳಿದು ನಿಲ್ಲಬೇಕು, ಕೆಲವು ಗಂಟೆ ಬಿಡಿ. ನನ್ನದು 11.9 ತೋರಿಸಿತು.

ಆಮೇಲೆ ಎಂಜಿನ್ ಓಡುವಾಗ ಅದೇ ಟರ್ಮಿನಲ್ ಮೇಲೆ ಮತ್ತೆ ನೋಡಿ. 13.5ರಿಂದ 14.7ರ ಒಳಗಿದ್ದರೆ ಕನ್ವರ್ಟರ್ ಕೆಲಸ ಮಾಡುತ್ತಿದೆ. ಈಗಿನ ಗಾಡಿಗಳು ಬ್ಯಾಟರಿ ತುಂಬಿದ ಮೇಲೆ ಬೇಕಂತಲೇ ಸ್ವಲ್ಪ ಇಳಿಸುತ್ತವೆ, ಅದಕ್ಕೆ ಹೆದರಬೇಡಿ. ಆದರೆ ಹೆಡ್‌ಲೈಟ್, ಹೀಟರ್ ಫ್ಯಾನ್ ಹಾಕಿದ ಮೇಲೂ 12.5ಕ್ಕಿಂತ ಕೆಳಗೆ ಇಳಿಯುತ್ತಾ ಹೋದರೆ ಚಾರ್ಜ್ ಬರುತ್ತಿಲ್ಲ ಅಂತ ಅರ್ಥ. ಆಗ ಬೆಲ್ಟ್, ಜನರೇಟರ್, ಕನ್ವರ್ಟರ್ ಕಡೆ ನೋಡಬೇಕು. ನನಗೆ 14.3 ಬಂತು. ಅಂದರೆ ದುಬಾರಿ ಸಾಮಾನೆಲ್ಲ ಚೆನ್ನಾಗೇ ಇದೆ ಅಲ್ವಾ?

ಟರ್ಮಿನಲ್ ಅಲ್ಲಾಡಿಸಿಯೂ ನೋಡಿದೆ. ಬಿಗಿಯಾಗಿತ್ತು. ನಿಮ್ಮದರಲ್ಲಿ ಬಿಳಿ-ಹಸಿರು ಪುಡಿ ಕೂತಿದ್ದರೆ ನೀರಿನಲ್ಲಿ ಅಡುಗೆ ಸೋಡಾ ಕಲಸಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಮೈನಸ್ ವೈರು ಬಾಡಿಗೆ ಸೇರುವ ಬೋಲ್ಟ್ ಕೂಡ ನೋಡಿ. ಇಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಆ ಬೋಲ್ಟ್ ಬೇಗ ತುಕ್ಕು ಹಿಡಿಯುತ್ತದೆ.

ಚಾರ್ಜರ್ ಹಾಕುವಾಗ ಒಂದು ಸೂಕ್ಷ್ಮ. ಮೈನಸ್ ಟರ್ಮಿನಲ್ ಮೇಲೆ ಪುಟ್ಟ ಸೆನ್ಸರ್ ಕೂತಿದ್ದರೆ, ಚಾರ್ಜರಿನ ಕಪ್ಪು ಕ್ಲಿಪ್ಪನ್ನು ಅಲ್ಲಿಗೆ ಕಚ್ಚಿಸಬೇಡಿ. ಮ್ಯಾನ್ಯುಯಲ್ ತೋರಿಸಿದ ಬಾಡಿ ಜಾಗಕ್ಕೆ ಕಚ್ಚಿಸಿ. ಇಲ್ಲದಿದ್ದರೆ ಒಳಗೆ ಹೋದ ಕರೆಂಟ್ ಸೆನ್ಸರಿನ ಲೆಕ್ಕಕ್ಕೆ ಸಿಗುವುದಿಲ್ಲ. ಖಾಲಿ ಬ್ಯಾಟರಿ ಇಂಥ ಚಳಿಯಲ್ಲಿ ಹೆಪ್ಪುಗಟ್ಟಬಹುದು. ಹೊಟ್ಟೆ ಉಬ್ಬಿದ ಹಾಗೆ ಕಂಡರೆ ಚಾರ್ಜೂ ಬೇಡ, ಜಂಪೂ ಬೇಡ.

ರಾತ್ರಿಯೆಲ್ಲ ಚಾರ್ಜ್ ಮಾಡಿದೆ. ಒಂದು ದಿನ ಸುಮ್ನೆ ಬಿಟ್ಟೆ. 12.7 ಇದ್ದದ್ದು 12.3ಕ್ಕೆ ಬಂತು. ಬ್ಯಾಟರಿಗೆ ಐದು ವರ್ಷವೂ ಆಗಿತ್ತು. ಹೊಸದು ಹಾಕಿದೆ, ಮೊದಲು ಇದ್ದ ಎಜಿಎಂ ಜಾತಿಯದನ್ನೇ, ಅಂದರೆ ಆಸಿಡ್ಡನ್ನು ಗಾಜಿನ ನಾರಿನಲ್ಲಿ ಹೀರಿಸಿಟ್ಟ ಲೆಡ್ ಬ್ಯಾಟರಿ. ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ಆಫ್ ಆಗಿ ಮತ್ತೆ ಶುರುವಾಗುವ ಸ್ಟಾರ್ಟ್-ಸ್ಟಾಪ್ ಇರುವ ಗಾಡಿಗೆ ಅಗ್ಗದ ಮಾಮೂಲಿ ಬ್ಯಾಟರಿ ಹಾಕಿದರೆ ಬೇಗ ಸಾಯುತ್ತದೆ. ಕೆಲವು ಗಾಡಿಗಳಿಗೆ ಹೊಸ ಬ್ಯಾಟರಿ ಹಾಕಿದ್ದನ್ನು ಸ್ಕ್ಯಾನರ್‌ನಿಂದ ತಿಳಿಸಬೇಕಾಗುತ್ತದೆ.

ಆದರೆ ಹಳೇದು ಯಾಕೆ ಅಷ್ಟು ಖಾಲಿಯಾಯಿತು? ಬ್ಯಾಟರಿ ಬದಲಾಯಿಸಿ ಇಲ್ಲಿಗೇ ನಿಲ್ಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಗಾಡಿ ನಿಂತಾಗ ಕರೆಂಟ್ ಸೋರುತ್ತಿದೆಯಾ ಅಂತ ನೋಡಲು, ವೈರನ್ನು ಸುತ್ತಿ ಹಿಡಿದು ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಸಿಗುತ್ತದೆ, ವೈರು ಬಿಚ್ಚುವ ಗೋಜಿಲ್ಲ. ಎಸಿ ಮಾತ್ರ ಅಳೆಯುವುದನ್ನು ತಂದರೆ ದುಡ್ಡು ದಂಡ. ಗಾಡಿ ಲಾಕ್ ಮಾಡಿ, ಕೀಯನ್ನು ಮನೆಯೊಳಗೆ ದೂರ ಇಟ್ಟು, 40 ನಿಮಿಷ ಕಾಯಿರಿ. ಕಂಪ್ಯೂಟರ್‌ಗಳು ಮಲಗಬೇಕು. ಬಾನೆಟ್ ತೆರೆದಿದ್ದರೆ ಅವು ಮಲಗದೇ ಇರಬಹುದು, ಅದಕ್ಕೆ ಅದರ ಲಾಚನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿಕೊಳ್ಳಿ. ಮುಗಿದ ಮೇಲೆ ಬಿಡಿಸಲು ಮರೆಯಬೇಡಿ, ನಾನು ಮರೆತು ಬಾನೆಟ್ ಹಾಕಲು ಒದ್ದಾಡಿದೆ. ಆಗ ಮೈನಸ್ ವೈರಿನಲ್ಲಿ 50 ಮಿಲಿಆಂಪ್‌ಗಿಂತ ಕಡಿಮೆ ಹರಿಯಬೇಕು. ನನಗೆ ಬಂದದ್ದು 340.

ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತಾ ಹೋದೆ. ಕೊನೆಗೆ ಸಿಕ್ಕಿದ್ದು ನಾನೇ ಹಾಕಿದ್ದ ಡ್ಯಾಶ್‌ಕ್ಯಾಮ್. ಗಾಡಿ ನಿಂತಾಗಲೂ ರೆಕಾರ್ಡ್ ಆಗಲಿ ಅಂತ ಸದಾ ಕರೆಂಟ್ ಇರುವ ಫ್ಯೂಸಿಗೆ ಸೇರಿಸಿದ್ದೆ. ದಿನಕ್ಕೆ ಎಂಟು ಆಂಪ್-ಅವರ್, ಐದು ದಿನಕ್ಕೆ ನಲವತ್ತು. ಬ್ಯಾಟರಿ ಇರುವುದೇ ಎಪ್ಪತ್ತರದು. ಇದಕ್ಕೆ ಮೈನಸ್ 17ರ ಚಳಿ ಸೇರಿತು. ಬ್ಯಾಟರಿ ಇಳಿದಾಗ ಕ್ಯಾಮೆರಾ ತಾನಾಗಿ ನಿಲ್ಲುವ ಕಟ್-ಆಫ್ ಅನ್ನು 11.8 ವೋಲ್ಟಿಗೆ ಇಟ್ಟಿದ್ದೂ ನಾನೇ. ಈಗ ಕೀ ಆಫ್ ಆದರೆ ಕರೆಂಟ್ ನಿಲ್ಲುವ ಫ್ಯೂಸಿಗೆ ಹಾಕಿದ್ದೇನೆ.

12 ವೋಲ್ಟ್ ಸರಿಮಾಡಿ, ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೂರಿನ ಕೋಡ್‌ಗಳನ್ನು ಸ್ಕ್ಯಾನರ್‌ನಿಂದ ಅಳಿಸಿ, ಎರಡು ದಿನ ಓಡಿಸಿ. ಪಿ0562 ಅಂದರೆ ವೋಲ್ಟೇಜ್ ಕಡಿಮೆ, ಅಷ್ಟೇ. ಅದು ಹೋದ ಮೇಲೂ ಪಿ0ಎ94 ತಿರುಗಿ ಬಂದರೆ ಕನ್ವರ್ಟರಿನ ದೂರು, ಮೆಕ್ಯಾನಿಕ್ ಹತ್ತಿರ ಹೋಗಿ. ಅದಕ್ಕೆ ಮುಂಚೆ ಬೆಲ್ಟ್ ಮಾತ್ರ ನೀವೇ ನೋಡಿ. ಈ ಬೆಲ್ಟ್ ಜನರೇಟರನ್ನು ತಿರುಗಿಸುವುದಲ್ಲದೆ ಎಂಜಿನ್ನನ್ನೂ ಎಳೆಯುತ್ತದೆ, ಹೊಳಪು ಬಂದರೆ ಜಾರುತ್ತದೆ. ಸೀಟಿನ ಹಿಂದೆ 48 ವೋಲ್ಟ್ ಪ್ಯಾಕಿಗೆ ಗಾಳಿ ಹೋಗುವ ಜಾಲರಿ ಇದ್ದರೆ ಅದಕ್ಕೆ ಕಂಬಳಿ, ಚೀಲ ಒತ್ತಬೇಡಿ. 48 ವೋಲ್ಟಿನ ಡಬ್ಬಿ, ವೈರು ಬಿಚ್ಚಲೇಬೇಡಿ. ಶಾಕ್‌ಗಿಂತ ಅಲ್ಲಿ ಹಾರುವ ಕಿಡಿಯ ಭಯ ಜಾಸ್ತಿ.

ಇಷ್ಟೆಲ್ಲ ಆಗುವ ಮೂರು ವಾರ ಮುಂಚಿನಿಂದ ಸಿಗ್ನಲ್‌ನಲ್ಲಿ ನನ್ನ ಎಂಜಿನ್ ತಾನಾಗಿ ಆಫ್ ಆಗುವುದನ್ನು ನಿಲ್ಲಿಸಿತ್ತು. ಪೀಡೆ ತೊಲಗಿತು ಅಂತ ಖುಷಿಯಾಗಿದ್ದೆ. ಚಳಿಗೂ ಹಾಗಾಗುತ್ತದೆ, ನಿಜ. ಆದರೆ ಬ್ಯಾಟರಿ ಸೋತಾಗ ಗಾಡಿ ಮೊದಲು ಬಿಡುವುದು ಅದನ್ನೇ. ಹೊಸ ಬ್ಯಾಟರಿ ಹಾಕಿದ ನಾಲ್ಕನೇ ದಿನ ಕೆಂಪು ದೀಪದಲ್ಲಿ ಎಂಜಿನ್ ಮತ್ತೆ ತಾನಾಗಿ ಆಫ್ ಆಯಿತು. ಅಪ್ಪನಿಗೆ ಹೇಳಿದೆ. "ಟರ್ಮಿನಲ್ ಬಿಗಿ ಮಾಡ್ದ ಮೇಲೆ ತಾನೆ?" ಅಂದರು. ಹ್ಞೂಂ ಅಂದೆ.